ನಿಯಂತ್ರಕನ ಪ್ರಯೋಗಶಾಲೆ: ಹಣಕಾಸು ಪೇಟೆ, ಹೊಸ ತಂತ್ರಜ್ಞಾನ ಮತ್ತು ಕಾನೂನು



ಪ್ರತಿ ಶುಕ್ರವಾರ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ ಮೂರೂವರೆ ಆದಾಗ ಅಲ್ಲಿನ ಒಂದು ಸರಕಾರಿ ಆಯೋಗ ಒಂದು ಪಟ್ಟಿಯನ್ನು ಹೊರಗೆ ಬಿಡುತ್ತದೆ. ಗೋಧಿ, ಸೋಯಾ, ಹತ್ತಿ, ಚಿನ್ನ, ಕಚ್ಚಾತೈಲ, ಕಾಫಿ, ಹೀಗೆ ಹತ್ತಾರು ಸರಕುಗಳ ವಾಯಿದಾ ಪೇಟೆಯಲ್ಲಿ ಆ ವಾರದ ಮಂಗಳವಾರದ ಹೊತ್ತಿಗೆ ಯಾವ ಬಗೆಯ ವ್ಯಾಪಾರಿಗಳು ಎಷ್ಟು ಕೊಳ್ಳುವ ಪಕ್ಷದಲ್ಲಿದ್ದಾರೆ, ಎಷ್ಟು ಮಾರುವ ಪಕ್ಷದಲ್ಲಿದ್ದಾರೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಯಾರ ಹೆಸರೂ ಇರುವುದಿಲ್ಲ, ಗುಂಪುಗಳ ಮೊತ್ತ ಮಾತ್ರ. ಓದಲು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಆಗ ನಮ್ಮಲ್ಲಿ ನಡುರಾತ್ರಿ ಕಳೆದಿರುತ್ತದೆ.

ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ನಮ್ಮ ಅರೇಬಿಕಾ ಬೆಲೆ ನ್ಯೂಯಾರ್ಕಿನ ವಾಯಿದಾ ದರವನ್ನು ನೋಡಿಕೊಂಡು ನಡೆಯುತ್ತದೆ, ರೊಬಸ್ಟಾ ಬೆಲೆ ಲಂಡನ್ನಿನದನ್ನು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 4 ಡಾಲರ್ ದಾಟಿದಾಗ ಚಿಕ್ಕಮಗಳೂರಿನ ಬೆಳೆಗಾರ ಕೇಳಿದ ಪ್ರಶ್ನೆ ಒಂದೇ: ಇದು ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟದ್ದಕ್ಕೆ ಏರಿದ ಬೆಲೆಯೋ, ದೊಡ್ಡ ನಿಧಿಗಳು ಕೊಂಡಿಟ್ಟುಕೊಂಡದ್ದಕ್ಕೆ ಏರಿದ್ದೋ? ಪೂರ್ತಿ ಉತ್ತರ ಯಾರ ಬಳಿಯೂ ಇರಲಿಲ್ಲ. ಆದರೆ ಉತ್ತರ ಹುಡುಕಲು ಬೇಕಾದ ಮೊದಲ ಸಾಧನ ಆ ಶುಕ್ರವಾರದ ಪಟ್ಟಿಯಲ್ಲಿತ್ತು. ಅದರ ಮೂಲರೂಪ 1924ರಷ್ಟು ಹಳೆಯದು. 1962ರಿಂದ ತಿಂಗಳಿಗೊಮ್ಮೆ, 2000ದಿಂದ ವಾರಕ್ಕೊಮ್ಮೆ ಬರುತ್ತಿದೆ. ಒಂದು ನಿಯಂತ್ರಕ ಸಂಸ್ಥೆ ತಾನು ಕಲೆಹಾಕಿದ್ದನ್ನು ಲೋಕಕ್ಕೆ ತಿಳಿಸುವ ಪದ್ಧತಿ ಎಷ್ಟು ದೂರದವರೆಗೆ ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಆ ಆಯೋಗದ ಹೆಸರು ಕಮಾಡಿಟಿ ಫ್ಯೂಚರ್ಸ್ ಟ್ರೇಡಿಂಗ್ ಕಮಿಷನ್, ಚುಟುಕಾಗಿ ಸಿಎಫ್‌ಟಿಸಿ. ಹೊಸ ತಂತ್ರಜ್ಞಾನಗಳ ಬಗ್ಗೆ ಸಂಶೋಧನೆ ಮಾಡಲು ಅದಕ್ಕೆ ಹೆಚ್ಚಿನ ಅಧಿಕಾರ ಕೊಡಬೇಕೆಂಬ ಮಸೂದೆಗಳು ಕೆಲವು ವರ್ಷಗಳಿಂದ ಅಮೆರಿಕದ ಕಾಂಗ್ರೆಸ್‌ನಲ್ಲಿ ಓಡಾಡುತ್ತಿವೆ. ಮೇಲ್ನೋಟಕ್ಕೆ ಇದೊಂದು ಸಣ್ಣ ಆಡಳಿತಾತ್ಮಕ ತಿದ್ದುಪಡಿ, ಪತ್ರಿಕೆಗಳ ಒಳಪುಟಕ್ಕೂ ಬರದಂಥದ್ದು. ನನ್ನ ಮಟ್ಟಿಗೆ ಅದು ಇವತ್ತಿನ ಹಣಕಾಸು ಪೇಟೆಯ ಅತಿ ಮುಖ್ಯ ಪ್ರಶ್ನೆಗಳಲ್ಲೊಂದು. ಪೇಟೆಯನ್ನು ಕಾಯುವವರಿಗೆ ಪೇಟೆಯೊಳಗೆ ಏನಾಗುತ್ತಿದೆ ಎಂಬುದು ಯಾರಿಂದ ತಿಳಿಯಬೇಕು? ತಾವೇ ಕಂಡುಕೊಳ್ಳಬೇಕೋ, ಕಾಯಿಸಿಕೊಳ್ಳುವವರೇ ಹೇಳಬೇಕೋ?

ಸ್ವಲ್ಪ ಹಿಂದಕ್ಕೆ ಹೋಗೋಣ. ಷಿಕಾಗೊ ಬೋರ್ಡ್ ಆಫ್ ಟ್ರೇಡ್ ಎಂಬ ವಿನಿಮಯ ಕೇಂದ್ರ 1848ರಲ್ಲಿ ಹುಟ್ಟಿತು. ಧಾನ್ಯದ ವಾಯಿದಾ ವ್ಯಾಪಾರವನ್ನು ಹದ್ದುಬಸ್ತಿನಲ್ಲಿಡಲು 1922ರಲ್ಲಿ ಒಂದು ಕಾಯ್ದೆ ಬಂತು, 1936ರಲ್ಲಿ ಇನ್ನೊಂದು. ಉಸ್ತುವಾರಿ ಕೃಷಿ ಇಲಾಖೆಯ ಕೈಯಲ್ಲಿತ್ತು. 1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದಿಂದ ಭಾರೀ ಪ್ರಮಾಣದಲ್ಲಿ ಧಾನ್ಯ ಕೊಂಡಿತು. ಬೆಲೆ ಜಿಗಿಯಿತು, ಜನ ಸಿಟ್ಟಾದರು, ಕಾಂಗ್ರೆಸ್ ಎಚ್ಚೆತ್ತಿತು. 1974ರಲ್ಲಿ ಸ್ವತಂತ್ರ ಆಯೋಗವೊಂದನ್ನು ರಚಿಸುವ ಕಾಯ್ದೆ ಆಯಿತು, ಮರುವರ್ಷ ಅದು ಕೆಲಸ ಶುರುಮಾಡಿತು. ಇವತ್ತಿಗೂ ಬಿಟ್‌ಕಾಯಿನ್ ವಾಯಿದಾ ವ್ಯಾಪಾರದ ಮಸೂದೆ ಮೊದಲು ಹೋಗುವುದು ಅಮೆರಿಕ ಸಂಸತ್ತಿನ ಕೃಷಿ ಸಮಿತಿಗೆ. ಕಾರಣ ಈ ಹುಟ್ಟು.

ಆ 1974ರ ಕಾಯ್ದೆ 1936ರ ಕಾಯ್ದೆಗೆ ಸೇರಿಸಿದ ಒಂದು ಭಾಗ ನನ್ನನ್ನು ಬೆರಗುಗೊಳಿಸಿದೆ. ಸಂಶೋಧನೆಯನ್ನು ಕುರಿತ 18ನೇ ಸೆಕ್ಷನ್ ಅದು. ಆಯೋಗವು ತನ್ನ ನಿತ್ಯದ ಕೆಲಸದ ಭಾಗವಾಗಿ ಸಂಶೋಧನಾ ಕಾರ್ಯಕ್ರಮಗಳನ್ನು ನಡೆಸಬೇಕು ಎಂದು ಅದು ಹೇಳುತ್ತದೆ. ಯಾವುದರ ಬಗ್ಗೆ? ಕಂಪ್ಯೂಟರ್ ಮೂಲಕ ವ್ಯಾಪಾರ ನಡೆಸುವುದು ಸಾಧ್ಯವೇ ಎಂಬುದರ ಬಗ್ಗೆ. ಆಧುನಿಕ ಮಾಹಿತಿ ವ್ಯವಸ್ಥೆಗಳನ್ನು ವಿನಿಮಯ ಕೇಂದ್ರಗಳೂ ಸ್ವತಃ ಆಯೋಗವೂ ಹೇಗೆ ಬಳಸಬಹುದು ಎಂಬುದರ ಬಗ್ಗೆ. ಆಗಿನ ಷಿಕಾಗೊವನ್ನು ಕಲ್ಪಿಸಿಕೊಳ್ಳಿ. ಬಣ್ಣಬಣ್ಣದ ಕೋಟು ತೊಟ್ಟ ನೂರಾರು ಜನ ಮೆಟ್ಟಿಲುಗಳ ಅಂಕಣದಲ್ಲಿ ನಿಂತು, ಕೈಸನ್ನೆ ಮಾಡುತ್ತ, ಕೂಗುತ್ತ ವ್ಯಾಪಾರ ಮಾಡುತ್ತಿದ್ದ ಕಾಲ. ಷಿಕಾಗೊ ಮರ್ಕಂಟೈಲ್ ಎಕ್ಸ್‌ಚೇಂಜಿನ ಗ್ಲೋಬೆಕ್ಸ್ ಎಂಬ ವಿದ್ಯುನ್ಮಾನ ವ್ಯವಸ್ಥೆ ಬಂದದ್ದು 1992ರಲ್ಲಿ. ಅದಕ್ಕೂ ಹದಿನೆಂಟು ವರ್ಷ ಮೊದಲೇ ಶಾಸಕರು ತಮ್ಮ ಹೊಸ ಆಯೋಗಕ್ಕೆ, ಈ ಯಂತ್ರ ಬರಬಹುದು, ಬರುವ ಮೊದಲೇ ಅದನ್ನು ಓದಿಕೊಂಡಿರು ಎಂದಿದ್ದರು. ಶಾಸನ ಯಾವಾಗಲೂ ತಂತ್ರಜ್ಞಾನದ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಈ ಸೆಕ್ಷನ್ ಓದಿದ ಮೇಲೆ ಆ ಮಾತನ್ನು ಹಾಗೆಯೇ ಒಪ್ಪಲು ನನಗೆ ಆಗಿಲ್ಲ.

ಆದರೆ ಓದಿಕೊಂಡಿರು ಎನ್ನುವುದು ಬೇರೆ, ಕೈಯಲ್ಲಿ ಹಿಡಿದು ನೋಡು ಎನ್ನುವುದು ಬೇರೆ. ತೊಡಕು ಬಂದದ್ದು ಅಲ್ಲಿ.

2017ರ ಮೇ ತಿಂಗಳಲ್ಲಿ ಸಿಎಫ್‌ಟಿಸಿ ತನ್ನೊಳಗೆ ಲ್ಯಾಬ್‌ಸಿಎಫ್‌ಟಿಸಿ ಎಂಬ, ಹೊಸ ತಂತ್ರಜ್ಞಾನಗಳನ್ನು ಅರಿಯುವ ಘಟಕವನ್ನು ತೆರೆಯಿತು. ಆಗ ಆಯೋಗದ ಹೊಣೆ ಹೊತ್ತಿದ್ದವರು ಕ್ರಿಸ್ಟೋಫರ್ ಜಿಯಾಂಕಾರ್ಲೊ. ಸರಕಾರಿ ಸೇವೆಗೆ ಬರುವ ಮುಂಚೆ ಅವರು ಬ್ಯಾಂಕುಗಳ ನಡುವಿನ ಡೆರಿವೇಟಿವ್ ವ್ಯವಹಾರವನ್ನು ಕುದುರಿಸುವ ಸಂಸ್ಥೆಯಲ್ಲಿದ್ದವರು. ಅವರು ಅಲ್ಲಿದ್ದಾಗಲೇ 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕು ಕುಸಿಯಿತು. ಮರುದಿನವೇ ಎಐಜಿ ವಿಮಾ ಸಂಸ್ಥೆಗೆ 8,500 ಕೋಟಿ ಡಾಲರಿನ ಸರಕಾರಿ ಆಸರೆ ಬೇಕಾಯಿತು. ಆ ದಿನಗಳಲ್ಲಿ ಯಾರು ಯಾರಿಗೆ ಎಷ್ಟು ಬಾಕಿ ಎಂಬುದು ಯಾವ ನಿಯಂತ್ರಕನಿಗೂ ಗೊತ್ತಿರಲಿಲ್ಲ, ಫೋನು ಮಾಡಿ ಕೇಳಬೇಕಾಗಿತ್ತು. ಆಗ ಎಲ್ಲ ವ್ಯವಹಾರಗಳೂ ಹಂಚಿದ ಲೆಡ್ಜರಿನಲ್ಲಿ, ಅಂದರೆ ಬ್ಲಾಕ್‌ಚೈನ್ ಮಾದರಿಯ ಸಾಮೂಹಿಕ ಖಾತೆಯಲ್ಲಿ ದಾಖಲಾಗಿದ್ದು, ನಿಯಂತ್ರಕರು ಅದನ್ನು ಆಗಿಂದಾಗ ನೋಡುವಂತಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಎಂದು ಜಿಯಾಂಕಾರ್ಲೊ ಮತ್ತೆ ಮತ್ತೆ ವಾದಿಸಿದರು. ಆ ವಾದ ಪೂರ್ತಿ ಸರಿಯೆಂದು ನನಗೆ ಅನಿಸುವುದಿಲ್ಲ. ಖಾತೆ ಎಷ್ಟೇ ಪಾರದರ್ಶಕವಾಗಿರಲಿ, ಅದರಲ್ಲಿ ಬರೆಯದೆ ಉಳಿದ ವ್ಯವಹಾರ ಅದರಲ್ಲಿ ಕಾಣುವುದಿಲ್ಲ. ಆದರೆ ಪರೀಕ್ಷೆ ಮಾಡಿ ನೋಡಬೇಕಾದ ವಾದ ಅದು ಎನ್ನುವುದರಲ್ಲಿ ಅನುಮಾನವಿಲ್ಲ.

ಪರೀಕ್ಷೆ ಮಾಡಲು ಹೊರಟಾಗ ಕಾನೂನು ಅಡ್ಡ ಬಂತು. ಹಣಕಾಸು ಸಂಸ್ಥೆಗಳು ಒಂದು ಹೊಸ ತಂತ್ರಾಂಶವನ್ನು ಪ್ರಯೋಗಕ್ಕೆ ಹಚ್ಚುವಾಗ ನಿಯಂತ್ರಕರನ್ನೂ ಜೊತೆಗೆ ಕೂರಿಸಿಕೊಳ್ಳಲು ಸಿದ್ಧವಿರುತ್ತವೆ. ಬೇರೆ ದೇಶಗಳ ಕೆಲವು ನಿಯಂತ್ರಕರು ಹೋಗಿ ಕೂರುತ್ತಾರೆ. ಬ್ರಿಟನ್ನಿನ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿ 2016ರಲ್ಲೇ ತನ್ನ ಪ್ರಯೋಗಾಂಗಣವನ್ನು, ಅಂದರೆ ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್ ಅನ್ನು, ತೆರೆದಿತ್ತು. ಸಿಎಫ್‌ಟಿಸಿಗೆ ಮಾತ್ರ ಇದು ಕಷ್ಟ. ಖಾಸಗಿ ಸಂಸ್ಥೆಯ ತಂತ್ರಾಂಶವನ್ನು ದುಡ್ಡು ಕೊಡದೆ ಬಳಸಿದರೆ ಅದು ಸರಕಾರ ಪಡೆದ ಉಡುಗೊರೆಯಾಗುತ್ತದೆ, ಉಡುಗೊರೆ ಪಡೆಯಲು ಆಯೋಗಕ್ಕೆ ಅಧಿಕಾರವಿಲ್ಲ. ದುಡ್ಡು ಕೊಟ್ಟು ಬಳಸೋಣವೆಂದರೆ ಸರಕಾರಿ ಖರೀದಿಯ ನಿಯಮಗಳು ಬರುತ್ತವೆ. ಏನು ಬೇಕು, ಯಾವ ಗುಣಮಟ್ಟದ್ದು ಎಂದು ಮೊದಲೇ ಬರೆದು ಟೆಂಡರ್ ಕರೆಯಬೇಕು. ಇನ್ನೂ ಅರ್ಧ ರೂಪುಗೊಂಡ, ಏನಾಗುವುದೋ ತಯಾರಿಸುವವರಿಗೇ ತಿಳಿಯದ ವಸ್ತುವಿಗೆ ಟೆಂಡರ್ ಪತ್ರ ಬರೆಯುವುದು ಹೇಗೆ? ಈ ಇಕ್ಕಟ್ಟನ್ನು ಆಯೋಗದವರು 2018ರಲ್ಲಿ ಕಾಂಗ್ರೆಸ್ಸಿನ ಮುಂದೆ ಬಿಚ್ಚಿಟ್ಟರು.

ಲಂಚ ತಡೆಯಲೆಂದು ಮಾಡಿದ ನಿಯಮ ಅದು, ಅದಿರಲೇಬೇಕು. ಆದರೆ ಅದರ ಪರಿಣಾಮ ಏನಾಯಿತೆಂದರೆ, ಯಂತ್ರವನ್ನು ತಯಾರಿಸಿದವರು ಕಳಿಸಿದ ವಿವರಣಾ ಪುಸ್ತಿಕೆಯನ್ನು ಓದಿ ಆ ಯಂತ್ರದ ಬಗ್ಗೆ ತೀರ್ಪು ಕೊಡುವ ಸ್ಥಿತಿಗೆ ನಿಯಂತ್ರಕ ಬಂದ. ನಮ್ಮಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಸಂತೆಗೆ ಬಂದಾಗ ಸರಕಾರದ ಮುದ್ರೆಯ ತೂಕದ ಬಟ್ಟುಗಳನ್ನು ತಾನೇ ಹೊತ್ತು ತರಬೇಕು, ಅಂಗಡಿಯವನ ಬಟ್ಟಿನಿಂದಲೇ ಅಂಗಡಿಯವನ ತಕ್ಕಡಿಯನ್ನು ಪರೀಕ್ಷಿಸುವಂತಿಲ್ಲ. ಸಿಎಫ್‌ಟಿಸಿ ಕೇಳಿದ್ದು ಅಂಥ ತನ್ನದೇ ಬಟ್ಟುಗಳನ್ನು.

ಆ ಕೋರಿಕೆಗೆ ಸ್ಪಂದಿಸಿ 2018ರ ಜೂನ್‌ನಲ್ಲಿ ಜಾರ್ಜಿಯಾದ ಸಂಸದ ಆಸ್ಟಿನ್ ಸ್ಕಾಟ್ ಒಂದು ಮಸೂದೆ ಮಂಡಿಸಿದರು. ಹೆಸರು ಸಿಎಫ್‌ಟಿಸಿ ಸಂಶೋಧನೆ ಮತ್ತು ಅಭಿವೃದ್ಧಿ ಆಧುನೀಕರಣ ಕಾಯ್ದೆ. ಹೊಸ ತಂತ್ರಜ್ಞಾನಗಳನ್ನು ಅರಿಯಲು, ಪ್ರಯೋಗಿಸಿ ನೋಡಲು ಹೊರಗಿನವರೊಡನೆ ಸೇರಿ ಕೆಲಸ ಮಾಡುವ ಸ್ಪಷ್ಟ ಅಧಿಕಾರವನ್ನು ಆಯೋಗಕ್ಕೆ ಕೊಡುವುದು ಅದರ ತಿರುಳು. ಖರೀದಿಯೂ ಅಲ್ಲದ, ಅನುದಾನವೂ ಅಲ್ಲದ ಈ ಬಗೆಯ ಒಪ್ಪಂದ ಅಮೆರಿಕಕ್ಕೆ ಹೊಸದೇನಲ್ಲ. 1958ರಲ್ಲಿ ನಾಸಾ ಸಂಸ್ಥೆಯನ್ನು ಹುಟ್ಟುಹಾಕಿದ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿತ್ತು, ಮುಂದೆ ರಕ್ಷಣಾ ಸಂಶೋಧನೆಗೂ ಸಿಕ್ಕಿತು. ಚಂದ್ರನಿಗೆ ಹೋಗಲು ಬೇಕಾದ ಸ್ವಾತಂತ್ರ್ಯವನ್ನು ಆರು ದಶಕಗಳ ನಂತರ ಪೇಟೆಯ ಕಾವಲಿಗೂ ಕೊಡಿ ಎಂದು ಕೇಳಿದರು, ಅಷ್ಟೆ. ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಅಲ್ಲಿಗೆ ಬಿದ್ದುಹೋಯಿತು.

ಆಮೇಲಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಲ್ಯಾಬ್‌ಸಿಎಫ್‌ಟಿಸಿ 2019ರಲ್ಲಿ ಆಯೋಗದ ಸ್ವತಂತ್ರ ಕಚೇರಿಯಾಯಿತು, 2022ರಲ್ಲಿ ತಂತ್ರಜ್ಞಾನ ನಾವೀನ್ಯ ಕಚೇರಿ ಎಂಬ ಹೆಸರು ಪಡೆಯಿತು. ಅಧ್ಯಕ್ಷರು ಬದಲಾದಂತೆ ಹೆಸರೂ ಸ್ಥಾನವೂ ಬದಲಾದವು. ಕಾಯ್ದೆಯ ಆಧಾರವಿಲ್ಲದ ಘಟಕಕ್ಕೆ ಆಗುವುದೇ ಇದು. 2024ರ ಮೇ 22ರಂದು ಕೆಳಮನೆಯಲ್ಲಿ 279-136 ಮತಗಳಿಂದ ಅಂಗೀಕಾರವಾದ ಫಿಟ್21 ಎಂಬ ಮಸೂದೆ ಲ್ಯಾಬ್‌ಸಿಎಫ್‌ಟಿಸಿಯನ್ನೂ ಷೇರುಪೇಟೆಯ ನಿಯಂತ್ರಕ ಎಸ್‌ಇಸಿಯೊಳಗಿನ ಫಿನ್‌ಹಬ್ ಎಂಬ ಘಟಕವನ್ನೂ ಕಾಯ್ದೆಯಲ್ಲೇ ಬರೆದಿಡಲು ಹೊರಟಿತ್ತು. ಮೇಲ್ಮನೆಯಲ್ಲಿ ಅದು ಮುಂದೆ ಸಾಗಲಿಲ್ಲ. 2025ರ ಜುಲೈನಲ್ಲಿ ಅದೇ ಜಾಡಿನ ಕ್ಲಾರಿಟಿ ಮಸೂದೆಯೂ ಕೆಳಮನೆಯನ್ನು ದಾಟಿತು. ಈ ಎರಡು ಮಸೂದೆಗಳ ಮೇಲಿನ ಗದ್ದಲವೆಲ್ಲ ಕ್ರಿಪ್ಟೊ ನಾಣ್ಯ ಯಾರ ಅಧೀನಕ್ಕೆ ಸೇರಬೇಕು ಎಂಬುದರ ಸುತ್ತ. ಸಂಶೋಧನೆಯ ಕಲಮುಗಳತ್ತ ಕಣ್ಣು ಹಾಯಿಸಿದವರು ಕಡಿಮೆ.

ಸಂಶೋಧನೆಯ ಶಕ್ತಿಯಿಲ್ಲದ ನಿಯಂತ್ರಕನಿಗೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2010ರ ಮೇ 6ರ ಮಧ್ಯಾಹ್ನ ಅಮೆರಿಕದ ಷೇರುಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದು, ಕೆಲವೇ ನಿಮಿಷಗಳಲ್ಲಿ ಮೇಲೆದ್ದಿತು. ಡೌ ಸೂಚ್ಯಂಕ ದಿನದ ಒಂದು ಹಂತದಲ್ಲಿ ಸುಮಾರು 1,000 ಅಂಶ ಕೆಳಗಿತ್ತು. ಆಕ್ಸೆಂಚರ್ ಕಂಪನಿಯ ಷೇರು ಒಂದು ಸೆಂಟಿಗೆ ಮಾರಾಟವಾಯಿತು. ಏನಾಯಿತೆಂದು ಸಿಎಫ್‌ಟಿಸಿ ಮತ್ತು ಎಸ್‌ಇಸಿ ಸೇರಿ ವಿವರಿಸಿದ್ದು ಸೆಪ್ಟೆಂಬರ್ 30ರಂದು, ಸುಮಾರು ಐದು ತಿಂಗಳ ನಂತರ. ಒಂದು ದೊಡ್ಡ ನಿಧಿ ಗಣಕೀಕೃತ ವಿಧಾನದಿಂದ 75,000 ವಾಯಿದಾ ಕರಾರುಗಳನ್ನು ಮಾರಲು ಹೊರಟದ್ದು, ಅದನ್ನು ಅತಿವೇಗದ ವ್ಯಾಪಾರಿ ಯಂತ್ರಗಳು ಒಂದರಿಂದೊಂದಕ್ಕೆ ದಾಟಿಸುತ್ತ ಹೋದದ್ದು ಆ ವರದಿಯಲ್ಲಿದೆ. ಆ ವರದಿಯ ಒಂದು ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹದಿನಾಲ್ಕು ಸೆಕೆಂಡುಗಳಲ್ಲಿ ಆ ಯಂತ್ರಗಳು 27,000ಕ್ಕೂ ಹೆಚ್ಚು ಕರಾರುಗಳ ವ್ಯಾಪಾರ ಮಾಡಿದವು. ಕೊನೆಗೆ ಅವುಗಳ ಕೈಯಲ್ಲಿ ನಿವ್ವಳವಾಗಿ ಹೆಚ್ಚಾಗಿದ್ದು ಸುಮಾರು 200. ಪೇಟೆಯಲ್ಲಿ ಜನ ತುಂಬಿದಂತೆ ಕಂಡಿತು, ಕೊಳ್ಳುವವರು ಇರಲಿಲ್ಲ.

ಆದರೆ ಒಂದು ಸಂಗತಿ ಆ ವರದಿಯಲ್ಲಿ ಇರಲಿಲ್ಲ. ಲಂಡನ್ನಿನ ಅಂಚಿನ ಹೌನ್ಸ್ಲೋದಲ್ಲಿ, ತಂದೆತಾಯಿಯ ಮನೆಯಿಂದ ವ್ಯಾಪಾರ ಮಾಡುತ್ತಿದ್ದ ನವಿಂದರ್ ಸಿಂಗ್ ಸರಾವ್ ಎಂಬಾತ ಆ ದಿನ ನಿಜಕ್ಕೂ ಮಾರಲು ಮನಸ್ಸಿಲ್ಲದ ದೊಡ್ಡ ದೊಡ್ಡ ಮಾರಾಟ ಆದೇಶಗಳನ್ನು ಹಾಕಿ ತೆಗೆದು ಮಾಡುತ್ತಿದ್ದ ಎಂಬ ಆರೋಪ ಹೊರಬಿದ್ದದ್ದು 2015ರ ಏಪ್ರಿಲ್‌ನಲ್ಲಿ. 2016ರಲ್ಲಿ ಆತ ತಪ್ಪೊಪ್ಪಿಕೊಂಡ. ಇಡೀ ಕುಸಿತಕ್ಕೆ ಅವನೊಬ್ಬನೇ ಕಾರಣ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಆದರೆ ಐದು ವರ್ಷ ಎನ್ನುವುದನ್ನು ಗಮನಿಸಿ. ಕ್ಷಣಗಳಲ್ಲಿ ನಡೆದದ್ದನ್ನು ಅರಿಯಲು ವರ್ಷಗಳು ಬೇಕಾದವು.

ಎರಡನೆಯ ಘಟನೆ ದತ್ತಾಂಶದ್ದು. 2010ರ ಡಾಡ್-ಫ್ರಾಂಕ್ ಕಾಯ್ದೆ ಸ್ವಾಪ್ ಎಂಬ ಬೃಹತ್ ಖಾಸಗಿ ಒಪ್ಪಂದಗಳ ಪೇಟೆಯನ್ನು ಸಿಎಫ್‌ಟಿಸಿಯ ಮಡಿಲಿಗೆ ಹಾಕಿತು. ಪ್ರತಿಯೊಂದು ಒಪ್ಪಂದವನ್ನೂ ದತ್ತಾಂಶ ಭಂಡಾರಕ್ಕೆ ವರದಿ ಮಾಡಬೇಕೆಂದು ವಿಧಿಸಿತು. 2008ರ ಕತ್ತಲೆ ಇನ್ನಿಲ್ಲ ಎಂದುಕೊಂಡರು. 2012ರಲ್ಲಿ ಜೆ.ಪಿ. ಮೋರ್ಗನ್ ಬ್ಯಾಂಕಿನ ಲಂಡನ್ ಶಾಖೆಯ ಒಂದು ವಿಭಾಗ ಇಂಥ ವ್ಯವಹಾರದಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. 2013ರ ಮಾರ್ಚ್‌ನಲ್ಲಿ ಸಿಎಫ್‌ಟಿಸಿಯ ಆಯುಕ್ತ ಸ್ಕಾಟ್ ಒ'ಮಾಲಿಯಾ ಬಹಿರಂಗವಾಗಿಯೇ ಹೇಳಿದರು: ಬಂದ ದತ್ತಾಂಶವನ್ನು ತೆರೆಯಲು ಹೋದರೆ ನಮ್ಮ ಕಂಪ್ಯೂಟರ್ ಪ್ರೋಗ್ರಾಂಗಳೇ ಕುಸಿಯುತ್ತಿವೆ, ಅಂಥ ದೊಡ್ಡ ವ್ಯವಹಾರವನ್ನು ಇದರಲ್ಲಿ ಪತ್ತೆಹಚ್ಚಲು ಸಾಧ್ಯವೇ ಇಲ್ಲ. ಅಧಿಕಾರದಲ್ಲಿದ್ದವರೊಬ್ಬರು ಇಷ್ಟು ನೇರವಾಗಿ ನುಡಿದದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಎಲ್ಲವನ್ನೂ ವರದಿ ಮಾಡಿ ಎಂದು ಕಾನೂನು ಆಜ್ಞಾಪಿಸಬಹುದು. ಬಂದದ್ದನ್ನು ಓದಬಲ್ಲ ಕಣ್ಣನ್ನು ಬೇರೆಯಾಗಿಯೇ ಬೆಳೆಸಬೇಕು.

ಇಷ್ಟರಿಂದ, ಅಧಿಕಾರ ಕೊಟ್ಟುಬಿಡಿ, ಹಣ ಕೊಟ್ಟುಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ನಾನು ಮುಗಿಸಬಹುದಿತ್ತು. ಮುಗಿಸಲಾರೆ. ಸಿಎಫ್‌ಟಿಸಿಯ ಇತಿಹಾಸದಲ್ಲೇ ಇನ್ನೊಂದು ಅಧ್ಯಾಯವಿದೆ, ಅದರ ಬಗ್ಗೆ ಮಾತು ಕಡಿಮೆ. ನನ್ನ ಇಂದಿನ ಉಪನ್ಯಾಸದ ನಿಜವಾದ ವಿಷಯ ಅದು.

2010ರ ಕುಸಿತದ ನಂತರ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಆಂಡ್ರೇ ಕಿರಿಲೆಂಕೊ ವಿಶ್ವವಿದ್ಯಾಲಯಗಳ ಸಂಶೋಧಕರನ್ನು ಒಳಗೆ ಕರೆತಂದರು. ಒಬ್ಬೊಬ್ಬ ವ್ಯಾಪಾರಿಯ ಒಂದೊಂದು ಆದೇಶವೂ ದಾಖಲಾಗಿರುವ, ಹೊರಗಿನವರಾರೂ ಕಾಣದ ದತ್ತಾಂಶವನ್ನು ಅವರು ಆಯೋಗದ ಚೌಕಟ್ಟಿನೊಳಗೆ ಕೂತು ಅಧ್ಯಯನ ಮಾಡಿದರು. ಅತಿವೇಗದ ವ್ಯಾಪಾರಿಗಳು ಎಷ್ಟು ಲಾಭ ಮಾಡುತ್ತಾರೆ, ಯಾರಿಂದ ಮಾಡುತ್ತಾರೆ ಎಂಬ ಪ್ರಶ್ನೆಗೆ ಮೊದಲ ಬಾರಿ ಗಟ್ಟಿ ಉತ್ತರ ಬರತೊಡಗಿತು. 2012ರ ಡಿಸೆಂಬರ್ ಆರಂಭದಲ್ಲಿ ಒಂದು ಅಧ್ಯಯನದ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಅದೇ ತಿಂಗಳು ಷಿಕಾಗೊ ವಿನಿಮಯ ಕೇಂದ್ರಗಳನ್ನು ನಡೆಸುವ ಸಿಎಂಇ ಸಮೂಹದ ವಕೀಲರು ಆಯೋಗಕ್ಕೆ ದೂರು ಕೊಟ್ಟರು. ಗೋಪ್ಯ ದತ್ತಾಂಶ ಹೊರಗಿನವರ ಕೈಗೆ ಹೋಗಿದೆ ಎನ್ನುವುದು ದೂರು. ಹೊರಗಿನ ಸಂಶೋಧಕರ ಕಾರ್ಯಕ್ರಮ ನಿಂತಿತು. ಆಯೋಗದ ಇನ್‌ಸ್ಪೆಕ್ಟರ್ ಜನರಲ್ ಈ ಪ್ರಕರಣವನ್ನು ಪರಿಶೀಲಿಸಿದ ವರದಿ 2014ರಲ್ಲಿ ಬಂತು. ಅಷ್ಟರಲ್ಲಿ ಕೆಲಸ ಚದುರಿಹೋಗಿತ್ತು. ಕುಸಿತವನ್ನು ಕುರಿತು ಕಿರಿಲೆಂಕೊ ಮತ್ತು ಸಂಗಡಿಗರು ಬರೆದ ಹೆಸರಾಂತ ಪ್ರಬಂಧ ಜರ್ನಲ್ ಆಫ್ ಫೈನಾನ್ಸ್‌ನಲ್ಲಿ ಅಚ್ಚಾದದ್ದು 2017ರಲ್ಲಿ, ಕುಸಿತವಾಗಿ ಏಳು ವರ್ಷಗಳ ಮೇಲೆ.

ಗೋಪ್ಯತೆಯ ಕಾಳಜಿ ಸುಳ್ಳೆಂದು ನಾನು ಹೇಳುತ್ತಿಲ್ಲ. 1936ರ ಆ ಕಾಯ್ದೆಯ 8ನೇ ಸೆಕ್ಷನ್ ವ್ಯಾಪಾರಿಗಳ ಗುಟ್ಟನ್ನು ಕಾಯುವ ಹೊಣೆಯನ್ನು ಆಯೋಗದ ಮೇಲೆ ಹೊರಿಸಿದೆ, ಅದು ನ್ಯಾಯವೇ. ಆದರೆ ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಯೊಂದರ ವಕೀಲರ ದೂರು ಬಂದಾಗ ಇಡೀ ಸಂಶೋಧನಾ ಕಾರ್ಯಕ್ರಮಕ್ಕೆ ಬೀಗ ಬೀಳುವಂತಿದ್ದರೆ ಆ ಸಂಶೋಧನೆಗೆ ಬೇರೇ ಇಲ್ಲ ಎಂದಾಯಿತು. ಮಸೂದೆಗಳ ಬಗ್ಗೆ ನನ್ನ ಅಸಮಾಧಾನ ಇಲ್ಲಿದೆ. ಹೊಸ ಯಂತ್ರವನ್ನು ಮುಟ್ಟಲು ಅವು ಅಧಿಕಾರ ಕೊಡುತ್ತವೆ. ಮುಟ್ಟಿ ತಿಳಿದದ್ದನ್ನು ನಿರ್ಭಯವಾಗಿ ಹೇಳಲು ರಕ್ಷಣೆ ಕೊಡುವುದಿಲ್ಲ.

ಯೋಚಿಸಿ. ಒಂದು ಕಂಪನಿ ತನ್ನ ಕೃತಕ ಬುದ್ಧಿಮತ್ತೆಯ ವ್ಯಾಪಾರ ತಂತ್ರಾಂಶವನ್ನು ಆಯೋಗದ ಪ್ರಯೋಗಶಾಲೆಗೆ ತಂದುಕೊಡುತ್ತದೆ. ಅಧಿಕಾರಿಗಳು ಆರು ತಿಂಗಳು ಆ ಕಂಪನಿಯ ಎಂಜಿನಿಯರುಗಳ ಜೊತೆ ಕೂತು ಕಲಿಯುತ್ತಾರೆ. ಸ್ನೇಹ ಬೆಳೆಯುತ್ತದೆ, ಮನುಷ್ಯಸಹಜ. ಮುಂದೊಂದು ದಿನ ಅದೇ ತಂತ್ರಾಂಶದಿಂದ ಪೇಟೆಗೆ ಪೆಟ್ಟು ಬಿದ್ದಾಗ ವಿಚಾರಣೆ ನಡೆಸಬೇಕಾದವರು ಇವರೇ. ಆದ್ದರಿಂದ ಇಂಥ ಪ್ರತಿ ಒಪ್ಪಂದವೂ ಸಹಿಯಾದ ಕೂಡಲೇ ಸಾರ್ವಜನಿಕವಾಗಬೇಕು. ಪ್ರಯೋಗದಲ್ಲಿ ಕಂಡ ದೋಷಗಳ ವರದಿಯನ್ನು ತಡೆಹಿಡಿಯುವ ಹಕ್ಕು ಯಂತ್ರ ಕೊಟ್ಟವರಿಗೆ ಇರಬಾರದು. ಪ್ರಯೋಗದಲ್ಲಿ ಪಾಲ್ಗೊಂಡ ಅಧಿಕಾರಿ ಅದೇ ಕಂಪನಿಯ ಕೆಲಸಕ್ಕೆ ಸೇರುವ ಮುನ್ನ ಕೆಲವು ವರ್ಷ ಕಾಯಬೇಕು. ಪ್ರಕಟಣೆಯನ್ನು ನಿಲ್ಲಿಸಬೇಕೆಂದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಅದನ್ನು ಸಂಸತ್ತಿನ ಸಮಿತಿ ನೋಡಬೇಕು. ಇವು ಮಸೂದೆಯ ಒಳಗೇ ಇರಬೇಕಾದ ಕಲಮುಗಳು. ಆಮೇಲೆ ನಿಯಮಾವಳಿಯಲ್ಲಿ ನೋಡಿಕೊಳ್ಳೋಣ ಎಂದು ಬಿಡುವಂಥವಲ್ಲ.

ಇನ್ನೊಂದು ಬದಿಯಿಂದ ಬರುವ ಆಕ್ಷೇಪವೂ ಇದೆ. 2018ರ ಹೊತ್ತಿಗೆ ಸುಮಾರು 700 ಸಿಬ್ಬಂದಿ, ವರ್ಷಕ್ಕೆ ಸುಮಾರು 25 ಕೋಟಿ ಡಾಲರ್ ಬಜೆಟ್ಟು ಇದ್ದ ಆಯೋಗ ಪ್ರಯೋಗಗಳಲ್ಲಿ ತೊಡಗಿದರೆ ಇರುವ ಕಾವಲು ಕೆಲಸ ಯಾರು ಮಾಡಬೇಕು ಎಂದು ಕೇಳುವವರಿದ್ದಾರೆ. ತೂಕದ ಪ್ರಶ್ನೆಯೇ. ಆಯೋಗಕ್ಕೆ ಕಾಂಗ್ರೆಸ್ ನೀಡಿದ್ದ ಅಧಿಕೃತ ಅವಧಿಯೇ 2013ರ ಸೆಪ್ಟೆಂಬರ್‌ಗೆ ಮುಗಿದು, ಅಲ್ಲಿಂದ ವರ್ಷ ವರ್ಷದ ಹಣ ಮಂಜೂರಾತಿಯ ಮೇಲೆಯೇ ಅದು ನಡೆದುಕೊಂಡು ಬಂದಿದೆ. ಆದರೆ 2010ರ ಒಂದು ಮಧ್ಯಾಹ್ನವನ್ನು ಅರಿಯಲು ಎಷ್ಟು ಜನರ ಎಷ್ಟು ದಿನ ಹೋಯಿತು ಎಂದು ಎಣಿಸಿದರೆ ಮುಂಚಿತವಾಗಿ ಕಲಿತುಕೊಳ್ಳುವುದೇ ಅಗ್ಗ ಎಂದು ತೋರುತ್ತದೆ.

ಈಗ ನಮ್ಮ ದೇಶದ ಮಾತು. ನಮ್ಮ ಷೇರುಪೇಟೆಯ ನಿಯಂತ್ರಕ ಸೆಬಿ. 1992ರ ಸೆಬಿ ಕಾಯ್ದೆಯ 11ನೇ ಕಲಮಿನಲ್ಲಿ ಅದರ ಕೆಲಸಗಳ ಉದ್ದ ಪಟ್ಟಿಯಿದೆ. ಅದರಲ್ಲಿ ‘ಮೇಲಿನ ಉದ್ದೇಶಗಳಿಗಾಗಿ ಸಂಶೋಧನೆ ನಡೆಸುವುದು’ ಎಂಬ ಒಂದು ಸಾಲೂ ಇದೆ. ಒಂದೇ ಸಾಲು. ಸರಕುಗಳ ವಾಯಿದಾ ಪೇಟೆಯನ್ನು 1953ರಿಂದ ನೋಡಿಕೊಳ್ಳುತ್ತಿದ್ದ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ 2015ರ ಸೆಪ್ಟೆಂಬರ್ 28ರಂದು ಸೆಬಿಯಲ್ಲಿ ವಿಲೀನವಾದ ಮೇಲೆ ಆ ಸಾಲಿನ ಹೊರೆ ಇನ್ನೂ ಹೆಚ್ಚಿತು.

ಆ ಒಂದು ಸಾಲಿನ ಬಲದಿಂದ ಏನು ಮಾಡಬಹುದು ಎಂಬುದನ್ನು ಸೆಬಿ ತೋರಿಸಿಕೊಟ್ಟಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟಿಸಿದ ಅಧ್ಯಯನವನ್ನು ಇಲ್ಲಿರುವ ಯುವಕರೆಲ್ಲ ಓದಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಹಾಗಿದ್ದರೆ ಗೆದ್ದವರು ಯಾರು? 2023-24ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದಲ್ಲಿ ಶೇ 97, ಸ್ವಂತ ಹಣದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳ ಲಾಭದಲ್ಲಿ ಶೇ 96 ಬಂದದ್ದು ಅಲ್ಗಾರಿದಂಗಳ ಮೂಲಕ. ಅಂದರೆ ಒಂದು ಕಡೆ ಮೊಬೈಲ್ ಹಿಡಿದ ಹುಡುಗ, ಇನ್ನೊಂದು ಕಡೆ ಯಂತ್ರ. ದಾವಣಗೆರೆಯಲ್ಲೋ ಬೀದರಿನಲ್ಲೋ ಕೂತು ಸಂಬಳದ ಅರ್ಧವನ್ನು ಗುರುವಾರ ಮುಗಿಯುವ ಆಪ್ಷನ್‌ಗೆ ಹಾಕಿದವನಿಗೆ ಎದುರಾಳಿ ಯಾರೆಂಬುದು ಗೊತ್ತಿರಲಿಲ್ಲ. ಆ ವರದಿ ಬಂದ ಮರುವಾರವೇ, ಅಕ್ಟೋಬರ್ 1ರಂದು, ಸೆಬಿ ಸೂಚ್ಯಂಕದ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ವಾರದ ಕರಾರುಗಳನ್ನು ಒಂದು ವಿನಿಮಯ ಕೇಂದ್ರಕ್ಕೆ ಒಂದು ಸೂಚ್ಯಂಕಕ್ಕೆ ಮಿತಿಗೊಳಿಸಿತು. ಸಂಶೋಧನೆ, ಪ್ರಕಟಣೆ, ಕ್ರಮ. ಒಂದರ ಹಿಂದೆ ಒಂದು ಬಂದವು. ಅಂಕಿಅಂಶ ಜನರ ಮುಂದೆ ಇದ್ದದ್ದರಿಂದಲೇ ಆ ಕ್ರಮಕ್ಕೆ ಎದ್ದ ವಿರೋಧಕ್ಕೆ ಬಲ ಬರಲಿಲ್ಲ ಎಂದು ನಾನು ನಂಬಿದ್ದೇನೆ.

ಆದರೂ ನೆಮ್ಮದಿಪಡುವಂತಿಲ್ಲ. 2025ರ ಜುಲೈ 3ರಂದು ಸೆಬಿ, ಪೇಟೆಯನ್ನು ತಿರುಚಿದ ಆರೋಪದ ಮೇಲೆ, ಅಮೆರಿಕದ ಜೇನ್ ಸ್ಟ್ರೀಟ್ ಎಂಬ ವ್ಯಾಪಾರ ಸಮೂಹದ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ತಡೆಹಿಡಿಯಲು ಹೇಳಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ. ತಪ್ಪು ಒಪ್ಪಿನ ತೀರ್ಮಾನ ನನ್ನ ಕೆಲಸವಲ್ಲ. ನನ್ನ ಗಮನ ಬೇರೆಡೆಗೆ ಹೋಗುತ್ತದೆ. ಈ ವಿಷಯ ಸೆಬಿಯ ಕಣ್ಣಿಗೆ ಬಿದ್ದದ್ದು ಹೇಗೆ? 2024ರ ಏಪ್ರಿಲ್‌ನಲ್ಲಿ ಆ ಕಂಪನಿ ತನ್ನ ವ್ಯಾಪಾರ ತಂತ್ರವನ್ನು ಕದ್ದರೆಂದು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಇನ್ನೊಂದು ಸಂಸ್ಥೆಯ ಮೇಲೆ ದಾವೆ ಹೂಡಿತು. ಆ ತಂತ್ರ ಭಾರತದ ಆಪ್ಷನ್ಸ್ ಪೇಟೆಯದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೆಬಿಯ ಪರಿಶೀಲನೆ ಶುರುವಾದದ್ದು ಆ ಸುದ್ದಿಗಳಿಂದ. ನಮ್ಮ ಪೇಟೆಯಲ್ಲಿ ನಡೆದದ್ದು ನಮಗೆ ತಿಳಿದದ್ದು ಇಬ್ಬರು ಹೊರಗಿನವರು ಜಗಳವಾಡಿದ್ದರಿಂದ. ಅವರು ನ್ಯಾಯಾಲಯಕ್ಕೆ ಹೋಗದೆ ಮೊದಲೇ ರಾಜಿಯಾಗಿದ್ದರೆ?

ನಮ್ಮಲ್ಲಿ ಪ್ರಯತ್ನಗಳೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ತಾವು ಬಳಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳ ವಿವರ ಕೊಡಬೇಕೆಂದು 2019ರಲ್ಲೇ ಸೆಬಿ ದಲ್ಲಾಳಿ ಸಂಸ್ಥೆಗಳಿಗೆ ಹೇಳಿತ್ತು. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ 100 ಕೋಟಿ ರೂಪಾಯಿ ಬಂಡವಾಳದ ತನ್ನ ಇನ್ನೊವೇಷನ್ ಹಬ್ ಅನ್ನು ತೆರೆದದ್ದು ಬೆಂಗಳೂರಿನಲ್ಲಿ. ವಂಚಕರು ಹಣ ಸಾಗಿಸಲು ಬಳಸುವ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚುವ ಮ್ಯೂಲ್‌ಹಂಟರ್ ಎಂಬ ಸಾಧನವನ್ನು ಅದು ಸಿದ್ಧಪಡಿಸಿದೆ. ಸೈಬರ್ ವಂಚನೆಯಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡವರು ನಮ್ಮ ಸುತ್ತಮುತ್ತಲೇ ಇದ್ದಾರೆ, ಇಂಥ ಸಾಧನದ ಬೆಲೆ ಅವರಿಗೆ ಗೊತ್ತು. ಇದು ನಿಯಂತ್ರಕನೇ ಯಂತ್ರವನ್ನು ಕೈಯಾರೆ ಕಟ್ಟಿದ ಮಾದರಿ. ಷೇರು ಮತ್ತು ವಾಯಿದಾ ಪೇಟೆಗೂ ಇಂಥ ಮಾದರಿ ಬೇಕು.

2021ರ ಬಜೆಟ್‌ನಲ್ಲಿ ಸೆಬಿ ಕಾಯ್ದೆಯನ್ನೂ ಪೇಟೆಗೆ ಸಂಬಂಧಿಸಿದ ಇತರ ಕಾಯ್ದೆಗಳನ್ನೂ ಒಂದೇ ಸಂಹಿತೆಯಡಿ ತರುವ ಘೋಷಣೆ ಬಂತು. ಅಂಥ ಸಂಹಿತೆಯಲ್ಲಿ ಸಂಶೋಧನೆಗೆ ಒಂದು ಸಾಲು ಸಾಲದು, ಒಂದು ಅಧ್ಯಾಯವೇ ಬೇಕು ಎಂಬುದು ನನ್ನ ಬೇಡಿಕೆ. ಹೆಸರುಗಳನ್ನು ಅಳಿಸಿದ ವ್ಯಾಪಾರ ದತ್ತಾಂಶವನ್ನು, ನಿರ್ದಿಷ್ಟ ಕಾಲ ಕಳೆದ ಮೇಲೆ, ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳಿಗೆ ಅಧ್ಯಯನಕ್ಕೆ ಒದಗಿಸುವ ಕಟ್ಟುನಿಟ್ಟಾದ ವ್ಯವಸ್ಥೆ ಅದರಲ್ಲಿರಬೇಕು. ದೂರು ಬಂದರೆ ಸಂಶೋಧನೆ ನಿಲ್ಲಿಸುವ ಮೊದಲು ಯಾರು, ಎಷ್ಟು ದಿನದೊಳಗೆ, ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದೂ ಅಲ್ಲೇ ಬರೆದಿರಬೇಕು. ವರದಿಗಳು ಕನ್ನಡವೂ ಸೇರಿ ಹೂಡಿಕೆದಾರರ ಭಾಷೆಗಳಲ್ಲಿ ಬರಬೇಕು. ಆ ಒಂದು ಕೋಟಿ ಜನರಲ್ಲಿ ಎಷ್ಟೋ ಮಂದಿ ವ್ಯಾಪಾರದ ಆ್ಯಪನ್ನು ತಮ್ಮ ಭಾಷೆಯಲ್ಲೇ ತೆರೆಯುತ್ತಾರೆ. ಆ್ಯಪು ಕನ್ನಡ ಕಲಿತಿರುವಾಗ ಎಚ್ಚರಿಕೆಯ ವರದಿ ಇಂಗ್ಲಿಷಿನಲ್ಲೇ ಉಳಿಯುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಸಂಹಿತೆ ಯಾವ ರೂಪದಲ್ಲಿ ಬಂದರೂ ಸಂಸತ್ತಿನ ಸ್ಥಾಯಿ ಸಮಿತಿಗಳು ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಇಲ್ಲಿರುವ ಅರ್ಥಶಾಸ್ತ್ರ, ಕಾನೂನು, ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಈ ಸಂಶೋಧನಾ ಅಧ್ಯಾಯದ ಕರಡೊಂದನ್ನು ಬರೆಯಿರಿ. 1974ರ ಆ 18ನೇ ಸೆಕ್ಷನ್ನನ್ನೂ 2018ರ ಮಸೂದೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ಅಧ್ಯಾಪಕರು ಒಪ್ಪಿದರೆ ಮುಂದಿನ ಭಾನುವಾರದಿಂದಲೇ ನಾನು ನಿಮ್ಮ ಜೊತೆ ಕೂರಲು ಸಿದ್ಧ.